ಗೆರೆ ದಾಟಿದ ಹೆಬ್ಬೆರಳು

ಕಳೆದ ರವಿವಾರ ದಾಂಡೇಲಿಯ ಬಾಸ್ಕೆಟ್‌ಬಾಲ್ ಅಂಕಣದ ಗೆರೆಗಳಿಗೆ ಹೊಸ ಬಣ್ಣ ಬಳಿದಿದ್ದರು. ಆ ವಾಸನೆ ಮೂಗಿಗೆ ತಾಗಿದ್ದೇ ತಡ, ನನ್ನ ಕಾಲು ತಾನಾಗಿ ನಿಂತುಬಿಟ್ಟಿತು. ಚಪ್ಪಲಿಗೆ ಬಣ್ಣ ಹತ್ತೀತೆಂಬ ಭಯದಿಂದಲ್ಲ. ಹೊತ್ತಿಗೆ ಮುಂಚೆ ಗೆರೆ ದಾಟಿದರೆ ಸೀಟಿ ಬೀಳುತ್ತದೆಂಬ ಹಳೆಯ ಭಯದಿಂದ. ನೀವು ನಗಬಹುದು. ನಮ್ಮ ಗುರುಸಿದ್ದ ಕಾಕಾನ ಮನೆಯಲ್ಲಿ ಬೆಳೆದಿದ್ದರೆ ನೀವೂ ನಿಲ್ಲುತ್ತಿದ್ದಿರಿ.

ಕಾಕಾ ನನ್ನ ತಂದೆಯ ತಮ್ಮ. ಹಳಿಯಾಳದ ಪೇಟೆಯಲ್ಲಿ ಬೀಜ-ಗೊಬ್ಬರದ ಅಂಗಡಿ. ಅದು ಹೊಟ್ಟೆಪಾಡು, ಅವರ ನಿಜವಾದ ಪದವಿ ರೆಫರಿ. ಜೋಯಿಡಾದಿಂದ ಮುಂಡಗೋಡದವರೆಗೆ ಎಲ್ಲಿ ಪಂದ್ಯವಿದ್ದರೂ ಇಸ್ತ್ರಿಯ ಪ್ಯಾಂಟು ತೊಟ್ಟು ಹೊರಡುತ್ತಿದ್ದರು. ಕೊರಳಲ್ಲಿ ಲಿಂಗದ ಕರಡಿಗೆಯ ಪಕ್ಕದಲ್ಲೇ ಸೀಟಿ; ಎರಡನ್ನೂ ಸ್ನಾನವಿಲ್ಲದೆ ಮುಟ್ಟುತ್ತಿರಲಿಲ್ಲ. ಮನೆಯಲ್ಲೂ ಅದೇ ಸಂವಿಧಾನ. ಅವರ ಹೆಂಡತಿ, ನಮ್ಮ ಕಾಕು, ಎಲ್ಲರಿಗೂ ಬಡಿಸಿ ಸೌಟು ಕೆಳಗಿಡುವ ತನಕ ಯಾರ ಕೈಯೂ ರೊಟ್ಟಿಯ ಸೀಮೆ ಪ್ರವೇಶಿಸಕೂಡದು. ಅತಿ ಹೆಚ್ಚು ಎಚ್ಚರಿಕೆ ಪಡೆದವನು ನಾನು. ನನ್ನ ಆಕಾರ ಇಂದಿಗೂ ಅದಕ್ಕೆ ಸಾಕ್ಷಿ.

ಅವರ ಮಗಳು ಗಿರಿಜಾಳನ್ನು ನೋಡಲು ಮುಂಡಗೋಡದ ಮನೆತನವೊಂದು ಬರುವುದಿತ್ತು. ಹುಡುಗ ಈರಣ್ಣನ ಫೋಟೋ ಬಂದ ದಿನದಿಂದ ಗಿರಿಜಾ ರೊಟ್ಟಿ ಬಡಿಯುತ್ತಲೂ ಹಾಡು ಗುನುಗುತ್ತಿದ್ದಳು. ಈ ಸಂಬಂಧ ತಪ್ಪಿದರೆ ಆ ಹಾಡು ನಿಲ್ಲುತ್ತದೆಂದು ಮನೆಯವರಿಗೆಲ್ಲ ಗೊತ್ತಿತ್ತು. ಈರಣ್ಣ ಮುಂಡಗೋಡ ತಂಡದ ಆಟಗಾರ. ಅದೇ ದಿನ ಹಳಿಯಾಳದಲ್ಲಿ ಎರಡೂ ಊರಿನ ಪಂದ್ಯ. ಆಟ ಮುಗಿಸಿ ಹಾಗೇ ಕನ್ಯೆಯನ್ನೂ ನೋಡಿದರೆ ಒಂದೇ ಓಡಾಟ ಎಂದು ಹಿರಿಯರು ತೀರ್ಮಾನಿಸಿದರು. ರೆಫರಿ ಯಾರೆಂದು ಮಾತ್ರ ಒಬ್ಬರೂ ವಿಚಾರಿಸಲಿಲ್ಲ.

ಎದುರಾಳಿಯ ತಪ್ಪಿಗೆ ಸಿಗುವ ತಡೆಯಿಲ್ಲದ ಎಸೆತ, ಫ್ರೀ ಥ್ರೋ, ನೀವು ನೋಡಿರಬಹುದು. ಬುಟ್ಟಿಯ ಮುಂದೆ ಗೆರೆ ಎಳೆದ ಜಾಗವೇ ಲೇನ್. ಅದರ ಅಂಚಿನಲ್ಲಿ ಎರಡೂ ಕಡೆಯವರು ಬಸ್ಸಿನ ಬಾಗಿಲಿಗೆ ಕಾದಂತೆ ಕಾದಿರುತ್ತಾರೆ. ಎಸೆಯುವವನ ಕೈಯಿಂದ ಚೆಂಡು ಹೊರಡುವ ತನಕ ಅವರು ಒಳಗೆ ಕಾಲಿಡಬಾರದು. ಎಸೆಯುವವನಂತೂ ಚೆಂಡು ರಿಂಗಿಗೆ ತಾಗುವ ತನಕ ತನ್ನ ಗೆರೆಯ ಹಿಂದೆಯೇ ಇರಬೇಕು. ಮಧ್ಯಂತರಕ್ಕೆ ಮುಂಚೆ ಈರಣ್ಣ ಎಸೆದಾಗ ನಮ್ಮ ಹಳಿಯಾಳದವರು ಮೊದಲೇ ಒಳಗೆ ನುಗ್ಗಿದರು. ಚೆಂಡು ಬುಟ್ಟಿಗೆ ಬಿತ್ತು, ಕಾಕಾ ಸೀಟಿ ಊದಲಿಲ್ಲ. ಕೊನೆಯ ಗಳಿಗೆಯಲ್ಲಿ ನಮಗೆ ಒಂದೇ ಅಂಕದ ಮುನ್ನಡೆ. ಈರಣ್ಣ ಮತ್ತೆ ಎಸೆದ, ಚೆಂಡು ಬಿತ್ತು, ಮುಂಡಗೋಡದವರು ಕುಣಿದರು. ಆಗ ಸೀಟಿ. ಈರಣ್ಣನ ಹೆಬ್ಬೆರಳು ಗೆರೆ ದಾಟಿತ್ತು. ಅಂಕ ರದ್ದು, ಚೆಂಡು ನಮಗೆ, ಪಂದ್ಯವೂ ನಮಗೆ.

ಇಷ್ಟಾದ ಮೇಲೂ ಅವರು ಮನೆಗೆ ಬಂದದ್ದು ದೊಡ್ಡತನವೇ. ಉಪ್ಪಿಟ್ಟು ಆರುತ್ತಿತ್ತು. ಹುಡುಗನ ತಂದೆ ತಾಟು ಮುಟ್ಟಲಿಲ್ಲ.

"ಬೀಗರ ಅನ್ನಬೇಕಂತ ಬಂದಿದ್ದಿವ್ರಿ, ರೆಫರೀ ಅನ್ನೂ ಹಂಗಾತು. ನಿಮ್ಮೂರವ್ರು ದನ ನುಗ್ಗಿದಂಗ ನುಗ್ಗಿದ್ರು, ಆವಾಗ ನಿಮ್ಮ ಸೀಟಿ ಮಲಗಿತ್ತೇನು? ನಮ್ಮ ಹುಡುಗನ ಹೆಬ್ಬಟ್ಟ ಅಷ್ಟ ಕಂಡ್ತ?"

ಕಾಕಾ ಗಂಭೀರವಾಗಿ ಒಂದು ಬಟ್ಟಲನ್ನು ಬುಟ್ಟಿ ಮಾಡಿ, ಅದರ ಮುಂದೆ ಚಮಚಗಳನ್ನು ಎರಡು ಸಾಲಾಗಿ ಮಲಗಿಸಿದರು.

"ಇವ್ರು ನಮ್ಮವ್ರು. ನುಗ್ಗಿದ್ದು ಖರೆ. ನಾ ಕಂಡಿದ್ದೆ, ಸೀಟಿ ಹಲ್ಲಾಗ ಹಿಡದು ಕಾದೆ. ಚೆಂಡು ಬಿತ್ತು, ನಿಮ್ಮ ಹುಡುಗಗ ಅಂಕ ಸಿಕ್ತು. ಇನ್ನ ಅವರ ತಪ್ಪ ಹಿಡಕೊಂಡು ಏನ್ ಮಾಡೂದ್ರಿ? ಬೀಳದಿದ್ರ ಇನ್ನೊಮ್ಮೆ ಒಗಿಯಾಕ ಕೊಡ್ತಿದ್ದೆ. ಆದ್ರ ಚೆಂಡು ಯಾರ ಕೈಯಾಗಿರ್ತೈತಿ, ಅವನೇ ಗೆರಿ ದಾಟಿದ್ರ, ಬಿದ್ರೂ ನಡಿಯಂಗಿಲ್ರಿ."

ಬಾಗಿಲ ಹಿಂದಿನಿಂದ ಕಾಕು, "ಅಳಿಯ ಆಗಾವನ ಹೆಬ್ಬಟ್ಟ ನೋಡಾಕ ಕಣ್ಣ ಅದಾವ, ಮಗಳ ಮಾರಿ ನೋಡಾಕ ಇಲ್ಲ!" ಎಂದರು.

ಅಷ್ಟರಲ್ಲಿ ಗಿರಿಜಾ ಚಹಾ ತಂದಳು. ನೋಡಲು ಬಂದವರು ಹೆಸರೇನು, ಎಲ್ಲಿತನಕ ಕಲತೀಯವ್ವಾ ಎಂದು ಕೇಳಬೇಕು, ಹುಡುಗಿ ನೆಲ ನೋಡುತ್ತ ಉತ್ತರಿಸಬೇಕು. ಇವಳು ತಾಟು ಕೆಳಗಿಟ್ಟು ನೇರ ಈರಣ್ಣನನ್ನೇ ಕೇಳಿದಳು:

"ಖರೆ ಹೇಳ್ರಿ, ದಾಟಿತ್ತೇನು?"

ಈರಣ್ಣ ತನ್ನ ಕಾಲನ್ನೇ ನೋಡಿಕೊಂಡ. "ದಾಟಿತ್ರಿ. ನೀವು ಆಟ ನೋಡಾಕ ಬಂದು ಅಲ್ಲೆ ಮೂಲ್ಯಾಗ ಕುಂತಿದ್ರಿ. ಅದಕ್ಕ ಗಡಿಬಿಡಿ ಆತು."

ಒಮ್ಮೆಲೇ ಎಲ್ಲರೂ ಮಾತಿಗಿಳಿದರು. ಹುಡುಗನ ತಂದೆ "ಅಂವಗೇನ ತಿಳಿತೈತಿ" ಎಂದರು, ಕಾಕು "ಒಳಗ ಬಾ ನೀ" ಎಂದರು, ನಾನು ಸಂದರ್ಭೋಚಿತವಲ್ಲದ ನಗೆ ನಕ್ಕೆ. ಕಾಕಾ ಅಂಕಣದಲ್ಲಿ ಎತ್ತುವಂತೆಯೇ ಕೈ ಎತ್ತಿದರು. ಅವರು ಮಗಳ ಮುಖವನ್ನೇ ನೋಡುತ್ತ ಕಾದರು.

"ಅಪ್ಪಾ, ನನಗ ಒಪ್ಪಿಗಿ ಐತಿ."

ಕಾಕಾ ಕೈ ಇಳಿಸಿದರು. "ಚೆಂಡು ಬಿತ್ತು. ಉಳದವ್ರು ನುಗ್ಗಿದ್ದು ಲೆಕ್ಕಕ್ಕಿಲ್ರಿ, ಬೀಗರ."

ಬೀಗರು ಸ್ವಲ್ಪ ಹೊತ್ತು ಚಮಚಗಳ ಆ ಎರಡು ಸಾಲುಗಳನ್ನು ಪರೀಕ್ಷಿಸಿದರು. ಆಮೇಲೆ ಹಳಿಯಾಳದ ಒಬ್ಬ ಆಟಗಾರನನ್ನು ಎತ್ತಿಕೊಂಡು ಆರಿದ ಉಪ್ಪಿಟ್ಟು ತಿನ್ನತೊಡಗಿದರು.

ಈರಣ್ಣ-ಗಿರಿಜಾ ಈಗ ದಾಂಡೇಲಿಯವರು. ಕಾಕಾನಿಗೆ ಕಿವಿ ಮಂದವಾಗಿದೆ. ಸೀಟಿ ಅಳಿಯನ ಕೊರಳಿಗೆ ಹೋಗಿದೆ. ನನಗೆ ವಯಸ್ಸಿನೊಂದಿಗೆ ಒಂದು ಚಟ ಅಂಟಿಕೊಂಡಿದೆ: ಯಾರ ತಪ್ಪು ಕಂಡರೂ ಆ ಕ್ಷಣವೇ ಕೂಗಿ ಹೇಳುವುದು. ಮನೆಯಲ್ಲಿ ನನಗೆ ಈಚೆಗೆ ಮಾತು ಕಡಿಮೆ ಸಿಗುವುದಕ್ಕೆ ಇದೂ ಕಾರಣವಿರಬಹುದು.

ರವಿವಾರ ಆ ಹೊಸ ಗೆರೆಯ ಹಿಂದೆ ಈರಣ್ಣ-ಗಿರಿಜಾರ ಮಗಳು ಸುಮಾ ಚೆಂಡು ಹಿಡಿದು ನಿಂತಿದ್ದಳು. ರೆಫರಿ ಈರಣ್ಣ. ಸುಮಾ ಇನ್ನೂ ಎಸೆಯುವ ಮುಂಚೆ ಎದುರಾಳಿ ಹುಡುಗಿಯೊಬ್ಬಳು ಲೇನಿನೊಳಗೆ ಕಾಲಿಟ್ಟಳು. ನಾನು ಕೂಗಲು ಬಾಯಿ ತೆರೆದೆ. ಪಕ್ಕದ ಕುರ್ಚಿಯಲ್ಲಿದ್ದ ಕಾಕಾನ ಕೈ ನನ್ನ ಮೊಣಕಾಲಿನ ಮೇಲೆ ಬಿತ್ತು. ಕಣ್ಣು ಮಾತ್ರ ಚೆಂಡಿನ ಮೇಲೇ. ಈರಣ್ಣನೂ ಸೀಟಿ ಹಲ್ಲಲ್ಲಿ ಹಿಡಿದು ಕಾಯುತ್ತಿದ್ದ.

ಚೆಂಡು ರಿಂಗಿನ ಮೇಲೆ ಸುತ್ತಿ ಹೊರಗೆ ಬಿತ್ತು. ಆಗ ಈರಣ್ಣ ಸೀಟಿ ಊದಿದ.

"ಇನ್ನೊಮ್ಮೆ," ಎಂದರು ಕಾಕಾ, ತಮಗಷ್ಟೇ ಕೇಳುವಂತೆ.

ಸುಮಾ ಮತ್ತೆ ಗೆರೆಯ ಹಿಂದೆ ಬಂದು ನಿಂತಳು. ನಾನು ಬಾಯಿ ಮುಚ್ಚಿ ಕುಳಿತೆ. ಚೆಂಡು ಅವಳ ಕೈಯಲ್ಲಿತ್ತು.