ಉಡಿಯಲ್ಲಿ ಹಾಕಿದ ಖಣ

ಬೊರಿವಲಿಯ ಈ ಮನೆ ಹೇಗೆ ಬಂತೆಂದು ನೀವು ಮೊಮ್ಮಕ್ಕಳು ಕೇಳಿದಾಗಲೆಲ್ಲ, ಅಜ್ಜನ ಸೀರೆ ವ್ಯಾಪಾರದಿಂದ ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದೆ. ಅದು ಸುಳ್ಳಲ್ಲ. ಆದರೆ ಅದರಲ್ಲಿ ನನ್ನದೊಂದು ತಪ್ಪೂ ಸೇರಿದೆ. ಬಾಯಿಬಿಟ್ಟು ಹೇಳಲು ನಾಚಿಕೆ, ಅದಕ್ಕೆ ಬರೆಯುತ್ತಿದ್ದೇನೆ.

ಸಾವಿರದ ಒಂಬೈನೂರ ಎಪ್ಪತ್ತರ ಆಸುಪಾಸು. ನಾವು ಮುಂಬಯಿಯ ವಿಲೆ ಪಾರ್ಲೆಯಲ್ಲಿ, ಚಾಳೊಂದರ ಒಂದೇ ಕೋಣೆಯ ಖೋಲಿಯಲ್ಲಿದ್ದೆವು. ಅಜ್ಜ ಇಳಕಲ್ ಸೀರೆಗಳ ಗಂಟು ಹೊತ್ತು, ಲೋಕಲ್ ಹಿಡಿದು ಮಾಟುಂಗದವರೆಗೂ ಹೋಗಿ ಮನೆಮನೆಗೆ ಮಾರುತ್ತಿದ್ದರು. ಎಷ್ಟೋ ದಿನ ಒಯ್ದ ಗಂಟು ಒಯ್ದಂತೆಯೇ ಮರಳುತ್ತಿತ್ತು. ನಾನು ಯಾರೊಂದಿಗೂ ಬೆರೆಯುವವಳಲ್ಲ. ಆದರೆ ಊರ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಕಲಿತಿದ್ದರಿಂದ ಪುರಾಣ ಓದಲು ಬರುತ್ತಿತ್ತು. ಶ್ರಾವಣದ ಶುಕ್ರವಾರ ಲಕ್ಷ್ಮಿಯ ಪೂಜೆ ಮುಗಿಸಿ ಓದಲು ಕುಳಿತರೆ, ಸುತ್ತಲಿನ ನಮ್ಮ ಕಡೆಯ ಹೆಂಗಸರೆಲ್ಲ ಬಂದು ಕೇಳುತ್ತಿದ್ದರು. ಪುಸ್ತಕ ಎದುರಿಗಿದ್ದರೆ ನನಗೆ ಅಂಜಿಕೆ ಇರುತ್ತಿರಲಿಲ್ಲ.

ಹೊರಡುವಾಗ ಎಲ್ಲರಿಗೂ ಉಡಿ ತುಂಬುತ್ತಿದ್ದೆ. ಸೆರಗೊಡ್ಡಿದ ಮುತ್ತೈದೆಗೆ ಒಂದು ಹಿಡಿ ಅಕ್ಕಿ, ಅಡಿಕೆ, ಅರಿಶಿನದ ಕೊಂಬು. ಉಡಿಗೆ ಬಿದ್ದದ್ದನ್ನು ನಮ್ಮಲ್ಲಿ ಯಾರೂ ಬೇಡ ಎನ್ನುವುದಿಲ್ಲ. ಅದು ದೇವಿ ಕೊಟ್ಟದ್ದು.

ಒಂದು ಶುಕ್ರವಾರ ಅಜ್ಜ ಬಾಗಿಲ ಹೊರಗೆ ಕುಳಿತು ಇದನ್ನೆಲ್ಲ ನೋಡಿದರು. “ಇಷ್ಟ ಮಂದಿ ನನ್ನ ಗಂಟಿನ ಮುಂದ ಎಂದಾದ್ರೂ ಕುಂತಾರೇನ? ಬರೂ ವಾರ ಉಡ್ಯಾಗ ಒಂದೊಂದು ಖಣ ಹಾಕು, ನಾ ಕೊಡ್ತೀನಿ” ಎಂದರು. ಖಣವೆಂದರೆ ಕುಪ್ಪಸದ ಬಟ್ಟೆ. ಅವರ ಕೈ ಇಷ್ಟು ದೊಡ್ಡದಾಯಿತಲ್ಲ ಎಂದು ಹಿಗ್ಗಿದೆ.

ಆ ವಾರ ನಾನು ಉಡಿ ತುಂಬಿ ಮುಗಿಸುವಷ್ಟರಲ್ಲಿ ಅವರು ಒಳಗೆ ಬಂದು ದೀಪದ ಪಕ್ಕದಲ್ಲೇ ಗಂಟು ಬಿಚ್ಚಿದರು. ಒಂದೊಂದು ಖಣಕ್ಕೂ ಒಪ್ಪುವ ಸೀರೆ ಅದರಲ್ಲಿತ್ತು.

“ತಗೋಬೇಕಂತೇನಿಲ್ರಿ ಅವ್ವಾರ, ಬರೇ ನೋಡ್ರಿ. ದೇವಿ ಕೊಟ್ಟ ಖಣ, ಹಳೇ ಸೀರಿಗೆ ಹ್ಯಾಂಗ ಒಪ್ಪತೈತಿ?”

“ನಿಮ್ಮ ಮನೀ ಲಕ್ಷ್ಮಿಗೆ ವ್ಯಾಪಾರ ಭಾಳ ಛಲೋ ಬರತೈತಿ ಬಿಡ್ರಿ!” ಎಂದಳು ಧಾರವಾಡದ ಗುಮಾಸ್ತರ ಹೆಂಡತಿ. ಎಲ್ಲರೂ ನಕ್ಕರು. ನಗುತ್ತಲೇ ಅವಳೂ ಒಂದು ಸೀರೆ ತೆಗೆದುಕೊಂಡಳು.

ಪಕ್ಕದ ಖೋಲಿಯಲ್ಲಿ ಬೆಳಗಾವಿ ಕಡೆಯವಳೊಬ್ಬಳಿದ್ದಳು. ಗಂಡ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದ. ಆ ಚಾಳಿನಲ್ಲಿ ನನಗಿದ್ದ ಗೆಳತಿ ಅವಳೊಬ್ಬಳೇ. ಅವಳೂ ಹಸಿರು ಸೀರೆಯೊಂದನ್ನು ಕೊಂಡಳು. ದೀಪಾವಳಿಗೆ ತವರಿಗೆ ಹೋಗಲು ಕೂಡಿಟ್ಟಿದ್ದ ಹಣ ಅದು ಎಂದು ಆಮೇಲೆ ತಿಳಿಯಿತು.

“ಬ್ಯಾಡ ಅನಬೇಕಿಲ್ಲೇನ?” ಎಂದೆ.

“ದೀಪದ ಮುಂದ ಕುಂತು ಒಲ್ಲೆ ಅಂತ ಹ್ಯಾಂಗ ಅನ್ಲಿ, ಅಕ್ಕಾ?”

ಅಜ್ಜನಿಗೆ ಇದನ್ನು ಹೇಳಿದೆ. “ನಾ ಯಾರಿಗೆ ಜುಲುಮಿ ಮಾಡೇನಿ? ದೇವೀ ಪ್ರಸಾದ ಅದು” ಎಂದರು. ಅವರು ಮೋಸಗಾರರಲ್ಲ. ಸೀರೆ ಗಟ್ಟಿಯದೇ, ದರವೂ ನ್ಯಾಯದ್ದೇ. ಲಕ್ಷ್ಮಿ ತಮ್ಮ ಕಡೆ ಕಣ್ಣು ತೆರೆದಳೆಂದು ನಿಜವಾಗಿಯೂ ನಂಬಿದ್ದರು. ಅವರ ಬಾಯಿ ಮುಚ್ಚಿಸುವುದು ನನ್ನಿಂದ ಆಗದಿರಬಹುದು. ಆದರೆ ಉಡಿಗೆ ಖಣ ಹಾಕದೆ ಬಿಡುವುದು ನನ್ನ ಕೈಯಲ್ಲೇ ಇತ್ತು. ಬಿಡಲಿಲ್ಲ. ಸ್ಟೇಷನ್ ಹತ್ತಿರ ಅಂಗಡಿಯೊಂದನ್ನು ಹಿಡಿಯುವ ಮಾತು ಆಗಲೇ ನಡೆದಿತ್ತು. ಅವರಿಗೆ ಬಿಸಿಲಲ್ಲಿ ಗಂಟು ಹೊರುವುದು ತಪ್ಪುತ್ತದಲ್ಲ ಎಂಬ ಆಸೆ ನನಗೂ ಇತ್ತು.

ಗೆಳತಿ ಓದು ಕೇಳಲು ಬರುವುದನ್ನು ನಿಲ್ಲಿಸಿದಳು. ಶ್ರಾವಣದ ಕಡೆಯ ಶುಕ್ರವಾರ ನಾನೇ ತಟ್ಟೆ ಹಿಡಿದು ಅವಳ ಬಾಗಿಲಿಗೆ ಹೋದೆ. ಅವಳು ಸೆರಗೊಡ್ಡಿದಳು. ಅಕ್ಕಿಯ ಮೇಲೆ ಖಣ ಇಟ್ಟಾಗ, ಅದನ್ನೇ ನೋಡುತ್ತ ಮೆಲ್ಲಗೆ ಕೇಳಿದಳು:

“ಅಕ್ಕಾ, ಇದರ ಜೋಡಿ ಯಾವ ಸೀರಿ ತಗೋಬೇಕ?”

ಅದು ಚೇಷ್ಟೆಯ ಮಾತಾಗಿರಲಿಲ್ಲ. ಏನೂ ತಗೋಬೇಡ, ಇದು ನಿನಗೇ ಎಂದಿದ್ದರೆ ಸಾಕಿತ್ತು. ತಟ್ಟೆ ಹಿಡಿದು ಹಿಂದಿರುಗಿದೆ. ದೀಪಾವಳಿಗೆ ಮೊದಲೇ ಅವಳ ಗಂಡನಿಗೆ ಬೇರೆ ಕಡೆ ಕೆಲಸ ಸಿಕ್ಕಿ, ಅವರು ಖೋಲಿ ಬಿಟ್ಟರು. ಎಲ್ಲಿಗೆಂದು ನಾನು ವಿಚಾರಿಸಲಿಲ್ಲ.

ಮರುವರ್ಷ ಕಣ್ಣು ಮಂಜೆಂದು ಸುಳ್ಳು ಹೇಳಿ ಓದುವುದನ್ನು ಬಿಟ್ಟೆ. ಅಷ್ಟರಲ್ಲಿ ಹಿಡಿದಿದ್ದ ಅಂಗಡಿಗೆ ಗಿರಾಕಿಗಳು ಬರುತ್ತಿದ್ದುದರಿಂದ ಅಜ್ಜ ಒತ್ತಾಯಿಸಲಿಲ್ಲ. ಮುಂದೆ ಈ ಮನೆ ಬಂದದ್ದೂ ಆ ಅಂಗಡಿಯಿಂದಲೇ. ಅಜ್ಜ ಹೋದ ಮೇಲೆ ಅವಳನ್ನು ಹುಡುಕಿಸೋಣವೆಂದು ಒಮ್ಮೆ ಅನಿಸಿತ್ತು. ಆದರೆ ಸಿಕ್ಕರೂ ಏನು ಮಾಡಲಿ? ಗಂಡನಿಲ್ಲದವಳ ಕೈಯಿಂದ ನಮ್ಮಲ್ಲಿ ಯಾರೂ ಉಡಿ ತುಂಬಿಸಿಕೊಳ್ಳುವುದಿಲ್ಲ.