ಸಂಖದ ಗೋಲ್‌ಕೀಪರ್

ಹದಿನಾಲ್ಕು ವರ್ಷ ಫುಟ್‌ಬಾಲ್ ಆಡಿಯೇ ಹೊಟ್ಟೆ ಹೊರೆದವನು ನಾನು. ಮೊದಲು ಕೊಲ್ಹಾಪುರ, ಆಮೇಲೆ ಮುಂಬೈ, ಗೋವಾ, ಕೊನೆಗೆ ಎರಡು ಹಂಗಾಮು ಕೋಲ್ಕತ್ತಾ. ಮುಂದಿನ ಸಾಲಿನ ಆಟಗಾರ, ಗೋಲು ಹೊಡೆಯುವುದೇ ಕೆಲಸ. ನನ್ನ ಕಾಲಿನಲ್ಲಿ ದೊಡ್ಡ ಚಮತ್ಕಾರ ಏನೂ ಇರಲಿಲ್ಲ. ಬೇರೆಯವರು ಹೊಡೆದ ಚೆಂಡು ಗೋಲ್‌ಕೀಪರನ ಕೈಗೆ ಬಡಿದು ಈಚೆ ಬಿದ್ದರೆ, ಅಲ್ಲಿಗೆ ಎಲ್ಲರಿಗಿಂತ ಮೊದಲು ನಾನು ಮುಟ್ಟಿರುತ್ತಿದ್ದೆ. ಅಂಥ ಒಂದು ಗೋಲೇ ನನ್ನನ್ನು ಮುಂಬೈಗೆ ಒಯ್ದಿತು. ಅದರ ಬಗ್ಗೆ ಕೇಳಿದವರಿಗೆಲ್ಲ ನಾನು ಅರ್ಧ ಮಾತ್ರ ಹೇಳುತ್ತ ಬಂದೆ.

ಮರಾಠಿ ಸೀಮೆಯೊಳಗೆ, ಜತ್ತದ ಕಡೆಯ ಕನ್ನಡದ ಊರು ನಮ್ಮ ಉಮದಿ. ಅಲ್ಲಿ ನಾವು ಆಡಿದ್ದು ಕಬಡ್ಡಿ, ಕ್ರಿಕೆಟ್. ಹತ್ತನೇ ಇಯತ್ತೆ ಮುಗಿದ ಮೇಲೆ ಕಲಿಯಲೆಂದು ಕೊಲ್ಹಾಪುರದ ಸೋದರಮಾವನ ಮನೆಗೆ ಹೋದೆ. ಆ ಊರಿನಲ್ಲಿ ಪೇಠೆಗೊಂದು ತಾಲೀಮು ಎಂಬ ಗರಡಿ, ತಾಲೀಮಿಗೊಂದು ಫುಟ್‌ಬಾಲ್ ತಂಡ. ಓಟ ಚಲೋ ಇದೆಯೆಂದು ನನ್ನನ್ನು ಸೇರಿಸಿಕೊಂಡರು. ಎರಡನೇ ವರ್ಷ ಎದುರು ತಂಡದ ಗೋಲ್‌ಕೀಪರ್ ತನ್ನವರಿಗೆ ಮರಾಠಿಯಲ್ಲಿ ಬೈದು ಬೈದು, ಕೊನೆಗೆ ಕನ್ನಡದಲ್ಲಿ ಏನೋ ಗೊಣಗಿದ. ನಾನು ನಕ್ಕೆ.

"ಯಾವೂರಪಾ?" ಅಂದ.

"ಉಮದಿ."

"ನಂದು ಸಂಖ. ನಮ್ಮ ಕಡ್ಯಾವ ಅಂತ ಗೋಲ್ ಬಿಡಂಗಿಲ್ಲ ಮತ್ತ."

ಅವತ್ತಿನಿಂದ ಭಾನುವಾರಕ್ಕೊಮ್ಮೆ ಕೂಡಿ ಚಹಾ ಕುಡಿಯುತ್ತಿದ್ದೆವು. ದೀಪಾವಳಿಗೆ ಜತ್ತದವರೆಗೆ ಒಂದೇ ಎಸ್.ಟಿ. ಬಸ್ಸಿನಲ್ಲಿ ಬರುತ್ತಿದ್ದೆವು. ಅವನು ನನಗಿಂತ ಚಲೋ ಆಟಗಾರ. ಅದನ್ನು ಇಬ್ಬರೂ ಬಲ್ಲೆವು.

ನನ್ನನ್ನು ಮುಂಬೈಗೆ ಒಯ್ದ ಗೋಲು ಹೊಡೆದದ್ದು ಆಮೇಲೊಮ್ಮೆ ಅವನ ತಂಡದ ಮೇಲೆಯೇ. ಆ ಮ್ಯಾಚಿಗೆ ಮುಂಬೈಯ ಒಂದು ಕ್ಲಬ್ಬಿನವರು ಆಟಗಾರರನ್ನು ನೋಡಲು ಬಂದಿದ್ದರು. ಮಳೆ ಬಿದ್ದು ಮೈದಾನ ಜಾರುತ್ತಿತ್ತು. ನಮ್ಮವನೊಬ್ಬ ದೂರದಿಂದ ಹೊಡೆದ. ಸಂಖದವನು ಹಾರಿ ತಡೆದ. ಚೆಂಡು ಕೈಯಿಂದ ಜಾರಿತು. ಅದನ್ನು ಹಿಡಿಯಲು ಅವನು ಬಾಗಿದ, ನಾನೂ ಓಡಿ ಬಂದೆ. ನನ್ನ ಮೊಣಕಾಲು ಅವನ ಎಡಗಣ್ಣಿಗೆ ಬಡಿಯಿತು. ಅವನು ಮುಖ ಹಿಡಿದುಕೊಂಡು ಬಿದ್ದ. ಬೆರಳ ಸಂದಿಯಿಂದ ರಕ್ತ ಬರುವುದನ್ನು ನಾನು ನೋಡಿದೆ. ಚೆಂಡು ನನ್ನ ಮುಂದೆ ಎರಡು ಮಾರು ದೂರದಲ್ಲಿತ್ತು, ಗೋಲು ಖಾಲಿ ಇತ್ತು. ನಾನು ಹೊಡೆದೆ.

ರೆಫರಿ ಗೋಲು ಕೊಟ್ಟರು. ನಮ್ಮವರು ನನ್ನನ್ನು ಎತ್ತಿಕೊಂಡರು. ಅವನನ್ನು ರಿಕ್ಷಾದಲ್ಲಿ ಹಾಕಿಕೊಂಡು ಹೋಗುವುದನ್ನು ಅವರ ಹೆಗಲ ಮೇಲಿಂದಲೇ ಕಂಡೆ. ಒಂದು ವಾರದೊಳಗೆ ಮುಂಬೈಗೆ ಕರೆ ಬಂತು. ಹೋಗುವ ಮೊದಲು ಎರಡು ಸಲ ದವಾಖಾನೆಯ ಗೇಟಿನವರೆಗೆ ಹೋದೆ, ಒಳಗೆ ಕಾಲಿಡಲು ಆಗಲಿಲ್ಲ. ಅವನ ಎಡಗಣ್ಣು ಪೂರ್ತಿ ಹೋಯಿತೆಂದು ಮಾವ ಫೋನಿನಲ್ಲಿ ಹೇಳಿದಾಗ ನಾನು ಪ್ರ್ಯಾಕ್ಟೀಸಿಗೆ ಬೂಟು ಕಟ್ಟುತ್ತಿದ್ದೆ. ಕಟ್ಟಿಕೊಂಡು ಮೈದಾನಕ್ಕೆ ಇಳಿದೆ.

ನಂತರದ ವರ್ಷಗಳು ಎಲ್ಲ ಆಟಗಾರರ ವರ್ಷಗಳಂತೆಯೇ ಇದ್ದವು. ಹಾಸ್ಟೆಲ್ಲು, ರೈಲು, ಹಾಲಿಲ್ಲದ ಚಹಾ, ಗೋಲಾದ ದಿನದ ಗದ್ದಲ. ಮೂವತ್ತರ ಹತ್ತಿರ ಬಂದಾಗ ಬಲಮೊಣಕಾಲಿಗೆ ಎರಡು ಸಲ ಆಪರೇಶನ್ ಆಯಿತು. ಕೊನೆಯ ಹಂಗಾಮು ಹೊರಗೇ ಕೂತು ಕಳೆದೆ. ಕೋಚ್ ಕರೆದು, "ಇನ್ನು ಸಾಕು" ಅಂದಾಗ ಅಳು ಬರಲಿಲ್ಲ. ಊರಿಗೆ ಬಂದು ಅಣ್ಣನ ಕಾಳಿನ ಅಂಗಡಿಯಲ್ಲಿ ಕೂತೆ.

ಹೋದ ವರ್ಷ ಅಪ್ಪ ತೀರಿಕೊಂಡ. ಹೊಲದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ನಮ್ಮ ಹೆಸರು ಏರಿಸಲು ಸಂಖದ ತಹಶೀಲ ಕಚೇರಿಗೆ ಹೋದೆ. ಕಚೇರಿಯ ಹೊರಗೆ ತಗಡಿನ ಶೆಡ್ಡಿನಲ್ಲಿ ಒಬ್ಬ ಅರ್ಜಿ ಬರೆದುಕೊಡುತ್ತಿದ್ದ. ಕಾಗದವನ್ನು ಬಲಗಡೆ ಸರಿಸಿಕೊಂಡು, ತಲೆ ಓರೆ ಮಾಡಿ ಬರೆಯುತ್ತಿದ್ದ.

"ಬರ್ರಿ, ಕುಂದ್ರಿ," ಅಂದು ತಲೆ ಎತ್ತಿದ. ಅದೇ ಗೋಲ್‌ಕೀಪರ್. ನನ್ನ ಗುರುತು ಹಿಡಿದ. ಪೆನ್ನು ಕೆಳಗಿಡಲಿಲ್ಲ. "ಯಾವ ಅರ್ಜಿರಿ?"

ಹೇಳಿದೆ. ಅಪ್ಪನ ಹೆಸರು, ಹೊಲದ ಗಟ್ ನಂಬರು, ವಾರಸುದಾರರು, ಎಲ್ಲ ಕೇಳಿ ಕೇಳಿ ಬರೆದ. ಅವನ ಅಕ್ಷರ ದುಂಡಗಿತ್ತು. ನಾನು ಸಹಿ ಮಾಡಿದೆ.

"ನೀ ಬಿದ್ದಿದ್ದು ನಾ ನೋಡಿದ್ದೆ," ಅಂದೆ. "ನೋಡಿನೂ ಹೊಡದೆ."

"ಗೊತ್ತೈತ್ರಿ."

"ರಿ ಅನಬ್ಯಾಡೋ ನನಗ."

ಅವನು ಪೆನ್ನು ಇಸಿದುಕೊಂಡು ಕೆಳಗಿಟ್ಟ. ಆಮೇಲೆ ಮೆಲ್ಲಗೆ ಹೇಳಿದ: "ಹೊಡದದ್ದಕ್ಕ ನನಗ ಸಿಟ್ಟಿಲ್ಲ. ನಿನ್ನ ಜಾಗಾದಾಗ ನಾ ಇದ್ರ ನಾನೂ ಹೊಡೀತಿದ್ದೆ. ದವಾಖಾನ್ಯಾಗ ಇಪ್ಪತ್ತು ದಿನ ಬಿದ್ದಿದ್ದೆ. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದ್ರು. ಯಾರರೆ ಬಂದ್ರ ಹೆಜ್ಜಿ ಸಪ್ಪಳ ಕೇಳಿ, ನೀನಽ ಅಂತ ತಿಳಕೋತಿದ್ದೆ. ನೀ ಬರಲಿಲ್ಲ."

ಗೇಟಿನವರೆಗೆ ಬಂದಿದ್ದೆ ಎಂದು ಹೇಳಲು ಬಾಯಿ ತೆರೆದೆ. ಅದು ಅವನ ಮುಂದೆ ಹೇಳುವ ಮಾತಲ್ಲ ಅನ್ನಿಸಿತು.

"ತಪ್ಪಾತು," ಅಂದೆ.

"ಹೌದು," ಅಂದ. "ಮೂರನೇ ಖಿಡಕಿಗೆ ಕೊಡು. ಊಟದ ಸೂಟಿ ಆಗೂದ್ರಾಗ ಲಗೂನ ಹೋಗು."

ಆ ಕೆಲಸಕ್ಕೆ ನಾಲ್ಕು ಸಲ ಸಂಖಕ್ಕೆ ಹೋಗಬೇಕಾಯಿತು. ಹೋದಾಗಲೆಲ್ಲ ಅವನ ಶೆಡ್ಡಿನಲ್ಲಿ ಕೂತೆ. ಹೆಸರು ಏರಿದ ಮೇಲೂ ಹೋಗುತ್ತೇನೆ. ಅವನು ಬೇಡ ಅನ್ನುವುದಿಲ್ಲ. ಬಾ ಅಂತಲೂ ಇಲ್ಲಿಯವರೆಗೆ ಅಂದಿಲ್ಲ. ಮನೆಗೆ ಕರೆದಿಲ್ಲ. ಗಿರಾಕಿಗಳಿದ್ದರೆ ನಾನು ಸುಮ್ಮನೆ ಕೂತಿರುತ್ತೇನೆ.

ಹೋದ ತಿಂಗಳು ಒಂದು ಮಧ್ಯಾಹ್ನ ಯಾರೂ ಇರಲಿಲ್ಲ. ಅವನು ಕಾಗದಗಳನ್ನು ಜೋಡಿಸುತ್ತ, ನನ್ನ ಕಡೆ ನೋಡದೆ ಕೇಳಿದ: "ಕೋಲ್ಕತ್ತಾದಾಗ ಗೋಲ್‌ಕೀಪರ್ ಹ್ಯಾಂಗಿದ್ರು?"

ಒಬ್ಬೊಬ್ಬರನ್ನೇ ನೆನಪಿಸಿಕೊಂಡು ಹೇಳಿದೆ. ಯಾರು ಎತ್ತರದ ಚೆಂಡಿಗೆ ಹೆದರುತ್ತಿದ್ದರು, ಯಾರು ಮೊದಲೇ ಒಂದು ಬದಿಗೆ ವಾಲುತ್ತಿದ್ದರು, ಎಲ್ಲ. ಅವನು ನಡುನಡುವೆ ಪ್ರಶ್ನೆ ಕೇಳಿದ. ಕೋಲ್ಕತ್ತಾದಲ್ಲಿ ನಾನು ಹೊಡೆದ ಒಂದು ಗೋಲಿನ ಬಗ್ಗೆ ಹೇಳಿದಾಗ, ಅಲ್ಲಿ ತಾನಿದ್ದಿದ್ದರೆ ಎರಡು ಹೆಜ್ಜೆ ಮುಂದೆ ಬಂದು ನಿಲ್ಲುತ್ತಿದ್ದೆ ಅಂದ. ಎದ್ದು ನಿಂತು, ಎಲ್ಲಿ ಅಂತ ತೋರಿಸಿದ. ಅವನು ಹೇಳಿದ್ದು ಸರಿಯಾಗಿತ್ತು. ಅವನು ಅಲ್ಲಿ ನಿಂತಿದ್ದರೆ ನನ್ನ ಆ ಗೋಲು ಆಗುತ್ತಿರಲಿಲ್ಲ.