ಹೊಳೆಗೆ ಬಿಡದ ನೀರು

ನಾನು ಕೊಪ್ಪಳದ ಒಂದು ನೀರು ಪರೀಕ್ಷಾ ಪ್ರಯೋಗಾಲಯದಲ್ಲಿ ಹಿರಿಯ ವಿಶ್ಲೇಷಕಿಯಾಗಿದ್ದಾಗಿನ ಮಾತಿದು. ನಿವೃತ್ತಿಗೆ ಇನ್ನೆರಡು ವರ್ಷ ಇತ್ತು. ಕುಷ್ಟಗಿ, ಯಲಬುರ್ಗಾ ಕಡೆಯಿಂದ ಫ್ಲೋರೈಡ್ ತುಂಬಿದ ಕೊಳವೆಬಾವಿ ನೀರು, ಗಂಗಾವತಿ ಕಡೆಯಿಂದ ಗದ್ದೆಯ ಗೊಬ್ಬರ, ಔಷಧಿ ಹೊತ್ತ ಕಾಲುವೆ ನೀರು, ಹೀಗೆ ದಿನವೂ ಬಾಟಲಿಗಳು ಬರುತ್ತಿದ್ದವು. ನಾವು ಪರೀಕ್ಷಿಸಿ ವರದಿ ಬರೆಯುತ್ತಿದ್ದೆವು. ಆ ವರದಿಗಳನ್ನು ಯಾರು ಓದುತ್ತಿದ್ದರೋ ದೇವರೇ ಬಲ್ಲ.

ಆಗ ‘ನ್ಯಾನೋ’ ಎಂಬ ಮಾತು ಎಲ್ಲರ ಬಾಯಲ್ಲೂ ಓಡಾಡುತ್ತಿತ್ತು. ರೈತರ ಕೈಯಲ್ಲಿ ನ್ಯಾನೋ ಯೂರಿಯಾ, ಅಂಗಡಿಯಲ್ಲಿ ನ್ಯಾನೋ ಫಿಲ್ಟರು, ನ್ಯಾನೋ ಬಣ್ಣ. ನಮ್ಮ ಅಟೆಂಡರ್ ಖಾಜಾಸಾಬ್ ಅಂತೂ ಎದುರಿನ ಹೋಟೆಲಿನ ಇಡ್ಲಿಯೂ ನ್ಯಾನೋ ಆಗಿದೆ ಎಂದು ದೂರುತ್ತಿದ್ದ. ಒಂದು ಮೀಟರನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲೊಂದು ಪಾಲು ನ್ಯಾನೋಮೀಟರ್. ಆ ಅಳತೆಗೆ ಇಳಿದ ವಸ್ತುವಿನ ಸ್ವಭಾವವೇ ಚುರುಕಾಗುತ್ತದೆ. ಬೆಳ್ಳಿಗೂ ಸೂಕ್ಷ್ಮಜೀವಿಗಳಿಗೂ ಮೊದಲಿನಿಂದ ಆಗಿಬರುವುದಿಲ್ಲ. ನ್ಯಾನೋ ಬೆಳ್ಳಿಯಂತೂ ಇನ್ನೂ ಖಾರ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಇದೂ ಒಂದು ದಿನ ನಮ್ಮ ಬಾಟಲಿಗೆ ಬಂದೇ ಬರುತ್ತದೆ ಎಂದು ನನಗೆ ಅನ್ನಿಸಿತ್ತು. ಆದರೆ ಬಂದದ್ದು ನಾನೆಣಿಸಿದ ದಾರಿಯಲ್ಲಲ್ಲ.

ಒಂದು ಮಧ್ಯಾಹ್ನ ಆನೆಗೊಂದಿ ಕಡೆಯ ಹೊಳೆದಂಡೆಯ ಹಳ್ಳಿಯಿಂದ ಹುಲಿಗೆಮ್ಮ ಎಂಬವರು ಬಾವಿ ನೀರು ತುಂಬಿದ ಕ್ಯಾನು ಹಿಡಿದುಕೊಂಡು ಬಂದರು. ಬಾಳೆನಾರಿನಲ್ಲಿ ಚೀಲ ಹೆಣೆಯುವ ಮಹಿಳಾ ಸಂಘವೊಂದನ್ನು ನಡೆಸುತ್ತಿದ್ದವರು. ಅವರ ಹಿತ್ತಲಿನ ಗೋಬರ್ ಗ್ಯಾಸ್ ಗುಂಡಿ ಇದ್ದಕ್ಕಿದ್ದಂತೆ ಗ್ಯಾಸ್ ಕೊಡುವುದನ್ನು ನಿಲ್ಲಿಸಿತ್ತು. ಎಮ್ಮೆಗಳು ಅವೇ, ಮೇವು ಅದೇ, ಪೈಪು ಎಲ್ಲೂ ಸೋರುತ್ತಿಲ್ಲ. ಹಾಗಾದರೆ ಗುಂಡಿಗೆ ಹೋಗುವ ಬಾವಿ ನೀರೇ ಕೆಟ್ಟಿರಬೇಕು ಎಂಬುದು ಅವರ ಅನುಮಾನ. ಸಂಘದ ಹೆಂಗಸರೆಲ್ಲರ ಅಡುಗೆ ಆ ಗ್ಯಾಸಿನ ಒಲೆಯ ಮೇಲೆ ಆಗುತ್ತಿತ್ತು. ಈಗ ಮತ್ತೆ ಕಟ್ಟಿಗೆ ಊದಿ ಊದಿ ಹುಲಿಗೆಮ್ಮನ ಕಣ್ಣು ಕೆಂಪಾಗಿತ್ತು.

ಬಾವಿ ನೀರಿನಲ್ಲಿ ದೋಷವೇನೂ ಸಿಗಲಿಲ್ಲ. ಹಾಗೆಂದು ಬರೆದುಕೊಟ್ಟು ಕೈತೊಳೆದುಕೊಳ್ಳಬಹುದಿತ್ತು. ಆದರೆ ಬಗೆಹರಿಯದ ಲೆಕ್ಕ ಬಿಟ್ಟರೆ ನನಗೆ ಊಟ ಸೇರುವುದಿಲ್ಲ. ಜೀಪು ಹತ್ತಿ ಅವರ ಊರಿಗೇ ಹೋದೆ.

ಸಂಘದ ಚಪ್ಪರದ ಕೆಳಗೆ ದೊಡ್ಡ ಟಬ್ಬಿನಲ್ಲಿ ಕಂದು ಬಣ್ಣದ ದ್ರಾವಣ ಕಂಡಿತು. ಮಳೆಗಾಲದಲ್ಲಿ ಬಾಳೆನಾರಿಗೆ ಬೂಸ್ಟು ಹಿಡಿದು ಚೀಲಗಳು ವಾಪಸು ಬರುತ್ತಿದ್ದವಂತೆ. ಅದಕ್ಕೆ ಮದ್ದೆಂದು ಪರ ಊರಿನ ಸಣ್ಣ ಕಂಪನಿಯೊಂದು ಈ ನ್ಯಾನೋ ಬೆಳ್ಳಿಯ ದ್ರಾವಣ ಕೊಟ್ಟಿತ್ತು. ನಾರನ್ನು ಅದರಲ್ಲಿ ಅದ್ದಿ ಒಣಗಿಸಿ ಹೆಣೆದರೆ ಬೂಸ್ಟು ಹತ್ತಿರ ಸುಳಿಯುತ್ತಿರಲಿಲ್ಲ. ಚೀಲ ಕೊಳ್ಳುವ ವ್ಯಾಪಾರಿಗೂ ಖುಷಿ. ಮಳೆಗಾಲದಲ್ಲಿ ಇಂಥವೇ ಬೇಕು ಎಂದಿದ್ದ. ಕೆಸರುಗದ್ದೆಯಲ್ಲಿ ಸೊಂಟ ಬಗ್ಗಿಸಿ ನಾಟಿ ಹಚ್ಚುತ್ತಿದ್ದ ಹೆಂಗಸರಿಗೆ ವರ್ಷವಿಡೀ ನೆರಳಿನಲ್ಲಿ ಕೂತು ಮಾಡುವ ಕೆಲಸ ಸಿಕ್ಕಿತ್ತು.

ಅದ್ದಿ ಉಳಿದ ದ್ರಾವಣ, ಟಬ್ಬು ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆ. ಹುಲಿಗೆಮ್ಮ ಹೆಮ್ಮೆಯಿಂದಲೇ ಹೇಳಿದರು:

“ಹೊಳಿಗಿ ಒಂದ್ ಹನಿ ಬಿಟ್ಟಿಲ್ರಿ ಮೇಡಂ. ಊರ ಮಂದಿ ಕುಡಿಯೂ ನೀರದು. ಹೆಂಡಿ ಕಲಸಾಕ ಅದನ್ನ ಹಾಕೇವ್ರಿ. ಗುಂಡಿ ಒಳಗ ಬಿದ್ದದ್ದೆಲ್ಲಾ ಕೊಳೀತೈತಲ್ರಿ.”

ಗುಂಡಿಯೊಳಗೆ ಹೆಂಡಿಯನ್ನು, ಎಂದರೆ ಸಗಣಿಯನ್ನು, ಗ್ಯಾಸ್ ಮಾಡುವುದು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು. ಬೆಳ್ಳಿ ಕೊಳೆಯುವ ವಸ್ತುವಲ್ಲ. ಬೂಸ್ಟನ್ನು ಕೊಲ್ಲು, ಇವುಗಳನ್ನು ಬಿಡು ಎಂದರೆ ಅದಕ್ಕೆ ತಿಳಿಯುವುದೂ ಇಲ್ಲ. ಆದರೂ ಅನುಮಾನವನ್ನೇ ವರದಿ ಮಾಡುವಂತಿಲ್ಲ. ಟಬ್ಬಿನ ನೀರನ್ನೂ ಗುಂಡಿಯ ರಾಡಿಯನ್ನೂ ಬಾಟಲಿಗೆ ತುಂಬಿಸಿಕೊಂಡೆ, ಜೊತೆಗೆ ಒಂದು ಬುಟ್ಟಿ ಹಸಿ ಸಗಣಿ.

ನ್ಯಾನೋ ಕಣಗಳನ್ನು ನೋಡುವ ಯಂತ್ರ ನಮ್ಮಲ್ಲಿರಲಿಲ್ಲ. ರಾಡಿಯಲ್ಲಿ ಬೆಳ್ಳಿ ಎಷ್ಟಿದೆ ಎಂದು ತಿಳಿಯಲು ಪರಿಚಯದ ವಿಶ್ವವಿದ್ಯಾಲಯವೊಂದಕ್ಕೆ ಮಾದರಿ ಕಳಿಸಿದೆ. ಅಷ್ಟರಲ್ಲಿ ನಮ್ಮ ಮೇಜಿನ ಮೇಲೇ ಒಂದು ಪರೀಕ್ಷೆ ಹೂಡಿದೆ. ಬೇರೆ ಊರಿನ ಚೆನ್ನಾಗಿ ನಡೆಯುತ್ತಿದ್ದ ಗುಂಡಿಯಿಂದ ತಂದ ರಾಡಿಯನ್ನೂ ಆ ಬುಟ್ಟಿಯ ಸಗಣಿಯನ್ನೂ ಎರಡು ಬಾಟಲಿಗೆ ಸಮನಾಗಿ ಹಾಕಿ, ಒಂದಕ್ಕೆ ಬಾವಿ ನೀರು, ಇನ್ನೊಂದಕ್ಕೆ ಟಬ್ಬಿನ ನೀರು ಬೆರೆಸಿ, ಎರಡರ ಬಾಯಿಗೂ ಬಲೂನು ಕಟ್ಟಿದೆ. ಇದು ಲ್ಯಾಬೋ ದನದ ಕೊಟ್ಟಿಗೆಯೋ ಎಂದು ಖಾಜಾಸಾಬ್ ಮೂಗು ಮುಚ್ಚಿಕೊಂಡೇ ಗುಡಿಸಿದ. ಆದರೆ ದಿನ ಬೆಳಗಾದರೆ ಮೊದಲು ಬಲೂನು ನೋಡಲು ಓಡುತ್ತಿದ್ದವನೂ ಅವನೇ. ಬಾವಿ ನೀರಿನ ಬಲೂನು ನಿಧಾನವಾಗಿ ಉಬ್ಬಿ ನಿಂತಿತು. ಟಬ್ಬಿನ ನೀರಿನದು ಬಾಟಲಿಯ ಕುತ್ತಿಗೆಗೆ ಜೋತುಬಿದ್ದೇ ಇತ್ತು. ವಿಶ್ವವಿದ್ಯಾಲಯದಿಂದಲೂ ಉತ್ತರ ಬಂತು: ರಾಡಿಯಲ್ಲಿ ಬೆಳ್ಳಿ ಇದೆ, ಚೆನ್ನಾಗಿಯೇ ಇದೆ.

ಕಂಪನಿಯ ಪ್ರತಿನಿಧಿಯನ್ನು ಕರೆಸಿದೆ. ಡ್ರಮ್ಮಿನ ಮೇಲೆ ‘ಪರಿಸರಸ್ನೇಹಿ’ ಎಂದು ಬರೆದಿರುವುದನ್ನು ಅವನು ಮೊದಲು ತೋರಿಸಿದ. ನಾನು ಬಲೂನುಗಳನ್ನು ತೋರಿಸಿದೆ. ಅವನ ಮುಖ ಸಪ್ಪಗಾಯಿತು. ಕೆಟ್ಟವನಲ್ಲ, ಉಳಿದ ನೀರು ಎಲ್ಲಿಗೆ ಹೋಗಬೇಕೆಂದು ಅವನಿಗೂ ಯಾರೂ ಹೇಳಿಕೊಟ್ಟಿರಲಿಲ್ಲ. ಇಂಥ ನೀರಿಗೆ ಇಷ್ಟೇ ಮಿತಿ ಎಂದು ಹೇಳುವ ನಿಯಮ ನನ್ನ ಕೈಯಲ್ಲೂ ಇರಲಿಲ್ಲವಾದ್ದರಿಂದ ಹೆದರಿಸುವಂತಿರಲಿಲ್ಲ. ತಿಳಿಸಿ ಹೇಳಿದೆ, ಬಯ್ದೆ, ಕೊನೆಗೆ ಚಹಾ ಕುಡಿಸಿದೆ. ಸಂಘದವರು ಹೂಂ ಎಂದರೆ ಉಳಿದ ಡ್ರಮ್ಮುಗಳನ್ನೂ ಗುಂಡಿಯ ರಾಡಿಯನ್ನೂ ಕಂಪನಿಯೇ ಸಾಗಿಸಿ ವಿಲೇವಾರಿ ಮಾಡುವುದೆಂದು ಒಪ್ಪಿಸಿದೆ. ಮುಂದೆ ದಿನವೂ ಉಳಿಯುವ ನೀರನ್ನು ಒಯ್ಯಲು ಮಾತ್ರ ತಮ್ಮಿಂದಾಗದು ಎಂದ. ವರದಿಯಲ್ಲಿ ಈ ದ್ರಾವಣ, ಈ ಗುಂಡಿ, ಇಷ್ಟಕ್ಕೇ ನನ್ನ ಮಾತನ್ನು ಕಟ್ಟಿಹಾಕಿಕೊಂಡೆ. ಸುಟ್ಟಗಾಯಕ್ಕೆ ಕಟ್ಟುವ ಪಟ್ಟಿಯಲ್ಲಿ ಇದೇ ಬೆಳ್ಳಿ ಉಪಕಾರ ಮಾಡುತ್ತದೆ. ನ್ಯಾನೋ ಎಂದರೆಲ್ಲ ವಿಷ ಎನ್ನುವುದೂ ಸುಳ್ಳೇ.

ಹುಲಿಗೆಮ್ಮನಿಗೆ ವಿಷಯ ತಿಳಿಸಲು ನಾನೇ ಹೋದೆ. ಸಂಘದ ಹೆಂಗಸರೆಲ್ಲ ಕೈಕೆಲಸ ನಿಲ್ಲಿಸಿ ಸುತ್ತ ಕೂತರು. ನಾನು ಹೇಳಿ ಮುಗಿಸಿದ ಮೇಲೆ ಹುಲಿಗೆಮ್ಮ ಕೇಳಿದರು:

“ಅದನ್ನ ಹೊಳಿಗಿ ಬಿಟ್ಟಿದ್ರ ಏನಾಗ್ತಿತ್ರಿ?”

ಇದ್ದದ್ದನ್ನೇ ಹೇಳಿದೆ: “ನಿಮ್ಮ ಒಲಿ ಉರೀತಿತ್ತು. ಯಾರಿಗೂ ಏನೂ ಗೊತ್ತಾಗ್ತಿರಲಿಲ್ಲ.”

“ನಮ್ಮ ಕೆಲಸಾನೂ ಇರತಿತ್ತು,” ಎಂದರು.

ಉಳಿದವರು ಅವರ ಮುಖವನ್ನೇ ನೋಡುತ್ತಿದ್ದರು. ಇನ್ನೊಂದು ಮಳೆಗಾಲ ಹೀಗೇ ನಡೆಯಲಿ, ನೀರನ್ನು ಬೇರೆಲ್ಲಾದರೂ ಚೆಲ್ಲೋಣ ಎಂದು ಅವರು ಒಂದು ಮಾತು ಆಡಿದ್ದರೆ ತಡೆಯುವ ಅಧಿಕಾರ ನನಗಿರಲಿಲ್ಲ. ಹುಲಿಗೆಮ್ಮ ಎದ್ದು ಟಬ್ಬಿನ ಮೇಲೆ ಮುಚ್ಚಳ ಹಾಕಿದರು.

“ಬ್ಯಾಡ್ರಿ. ಮಂದಿ ಕುಡಿಯೂ ನೀರು ಕೆಡಿಸಿ ನಾವು ಉಣ್ಣೂದು ಬ್ಯಾಡ.”

ಬೇಸಿಗೆಯಲ್ಲಿ ಹೆಣೆದ ಸಾದಾ ಚೀಲಗಳನ್ನು ಕೊಳ್ಳಲು ವ್ಯಾಪಾರಿ ಒಪ್ಪಿದ. ಮಳೆಗಾಲದವು ಬೇಡ ಎಂದ. ಮಳೆ ಹಿಡಿದಾಗ ಸಂಘದ ಹೆಚ್ಚಿನವರು ಮತ್ತೆ ನಾಟಿಗೆ ಇಳಿದರು. ಗುಂಡಿಯನ್ನು ಬರಿದು ಮಾಡಿ ತೊಳೆದು, ಹೊಸ ಸಗಣಿ ತುಂಬಿದರು. ಒಂದು ದಿನ ಹುಲಿಗೆಮ್ಮ ಫೋನು ಮಾಡಿ ಒಲೆ ಉರಿಯುತ್ತಿದೆ ಎಂದರು. ಊಟಕ್ಕೆ ಯಾರ‍್ಯಾರು ಇದ್ದೀರಿ ಎಂದು ಕೇಳಿದೆ. ಎಲ್ಲರೂ ಗದ್ದೆಗೆ ಹೋಗಿದ್ದಾರೆ, ಒಬ್ಬಳೇ ಇದ್ದೇನೆ ಎಂದರು. ಆ ದನಿಯಲ್ಲಿ ನನ್ನ ಮೇಲೆ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತೇನೋ.

ಕೆಡುಕು ಎಂದರೆ ಅದನ್ನು ಮಾಡಿದವರ ಅಂಗಳದಲ್ಲೇ ಕಾಣಿಸಿಕೊಳ್ಳುತ್ತದೆ ಎಂದು ನಾನು ಬಹುಕಾಲ ನಂಬಿದ್ದೆ. ಹಾಗಲ್ಲ, ಅದು ಮೊದಲು ಕಾಣುವುದು ಅದನ್ನು ಮುಂದಕ್ಕೆ ಹರಿಯಬಿಡದೆ ತಡೆದು ನಿಲ್ಲಿಸಿಕೊಂಡವರ ಅಂಗಳದಲ್ಲಿ. ನಿವೃತ್ತಿಯ ದಿನ ನನ್ನ ಕುರ್ಚಿಗೆ ಬಂದ ಹುಡುಗಿಗೆ ನಾನು ಕೊಟ್ಟ ಬುದ್ಧಿಮಾತು ಒಂದೇ: ಬಾಟಲಿ ಹಿಡಿದು ಬಂದವರನ್ನು ತಪ್ಪಿತಸ್ಥರಂತೆ ನೋಡಬೇಡ. ತಪ್ಪನ್ನು ಹೊಳೆಗೆ ಬಿಟ್ಟವರು ನಿನ್ನ ಬಾಗಿಲಿಗೆ ಬರುವುದೇ ಇಲ್ಲ.